ದವಾಖಾನೆಯ ಗೋಡೆಯ ಮೇಲೆ ಇರಬೇಕಾದ ಕಾಗದ



ಸಂಕ್ರಮಣದ ಸಿದ್ಧೇಶ್ವರ ಜಾತ್ರೆಯಲ್ಲಿ ಎತ್ತು ಕೊಳ್ಳಲು ವಿಜಯಪುರಕ್ಕೆ ಹೋಗುವ ರೈತನು ಅದರ ಹಲ್ಲು ನೋಡುತ್ತಾನೆ, ಸುಳಿ ನೋಡುತ್ತಾನೆ, ನಾಲ್ಕು ಹೆಜ್ಜೆ ನಡೆಸಿ ಗೊರಸು ನೋಡುತ್ತಾನೆ. ತೊಗರಿಯ ಬೀಜ ತರುವಾಗ ಚೀಲದ ಮೇಲಿನ ಚೀಟಿಯನ್ನು ಓದಿಸಿ, ಅಂಗಡಿಯವನಿಂದ ಪಾವತಿ ಕೇಳಿ ಪಡೆಯುತ್ತಾನೆ. ಅದೇ ರೈತನು ಹೆಂಡತಿಯ ಹೆರಿಗೆಗೆಂದೋ ಸ್ಕ್ಯಾನಿಂಗಿಗೆಂದೋ ಖಾಸಗಿ ದವಾಖಾನೆಯ ಮೆಟ್ಟಿಲು ಹತ್ತಿದಾಗ ಮಾತ್ರ ಬಾಯಿ ತೆರೆಯುವುದಿಲ್ಲ. ಹಾಗೆ ಕೇಳುವುದು ವೈದ್ಯರಿಗೆ ಅವಮಾನವೆಂದು ಅವನ ಭಾವನೆ. ನಾನೂ ವೈದ್ಯನೇ. ಅದರಲ್ಲಿ ಯಾವ ಅವಮಾನವೂ ಇಲ್ಲವೆಂದು ಮೊದಲಿಗೆ ತಿಳಿಸಬಯಸುತ್ತೇನೆ.

ಭೀಮಾತೀರದ ಒಂದು ಹಳ್ಳಿಯಿಂದ ಒಂದು ರಾತ್ರಿ ನಾಲ್ಕು ತಿಂಗಳ ಗರ್ಭಿಣಿಯೊಬ್ಬಳನ್ನು ಟಂಟಂ ಗಾಡಿಯಲ್ಲಿ ಮಲಗಿಸಿ ನಮ್ಮ ಆರೋಗ್ಯ ಕೇಂದ್ರಕ್ಕೆ ತಂದರು. ಆಕೆಗೆ ಆಗಲೇ ಇಬ್ಬರು ಹೆಣ್ಣುಮಕ್ಕಳಿದ್ದರು. ಯಾರೋ ಒಂದು ಯಂತ್ರವನ್ನಿಟ್ಟು ಈ ಸಲವೂ ಹೆಣ್ಣೆಂದು ಹೇಳಿದ್ದರು. ಮತ್ತಾರೋ ಒಂದು ಕೋಣೆಯಲ್ಲಿ ಗರ್ಭ ತೆಗೆಯಲು ಕೈಹಾಕಿದ್ದರು. ರಕ್ತ ಹರಿದು ಆಕೆಯ ನಾಡಿಯೇ ಸಿಗದಂತಾಗಿತ್ತು. ಸಲೈನ್ ಏರಿಸಿ, 108ರ ವಾಹನದಲ್ಲಿ ವಿಜಯಪುರಕ್ಕೆ ಕಳಿಸಿದೆವು. ಜೀವ ಉಳಿಯಿತು, ಗರ್ಭಕೋಶ ಉಳಿಯಲಿಲ್ಲ. ಆಕೆಯ ಗಂಡನು ನನಗೆ ಹೇಳಿದ ಮಾತು ಇಂದಿಗೂ ಕಿವಿಯಲ್ಲಿದೆ: "ಬೋರ್ಡಿನ ಮ್ಯಾಗ ಡಾಕ್ಟರ್ ಅಂತ ಬರದಿತ್ರಿ ಸಾಹೇಬ್ರ."

ಬೋರ್ಡನ್ನು ಯಾರು ಬೇಕಾದರೂ ಬರೆಸಬಹುದು. ಬರೆಸಲಾಗದ ಕಾಗದವೊಂದಿದೆ. ಅದುವೇ ನೋಂದಣಿ ಪ್ರಮಾಣಪತ್ರ.

ನಮ್ಮ ರಾಜ್ಯದಲ್ಲಿ ಖಾಸಗಿ ನರ್ಸಿಂಗ್ ಹೋಮುಗಳನ್ನು ನಿಯಂತ್ರಿಸಲು 1976ರಲ್ಲಿಯೇ ಒಂದು ಕಾನೂನು ಆಗಿತ್ತು. ಅದರ ಸ್ಥಾನದಲ್ಲಿ ಕರ್ನಾಟಕ ಖಾಸಗಿ ವೈದ್ಯಕೀಯ ಸಂಸ್ಥೆಗಳ ಅಧಿನಿಯಮ, 2007 ಬಂದಿತು; 2017ರ ತಿದ್ದುಪಡಿಯಿಂದ ಅದು ಇನ್ನಷ್ಟು ಬಿಗಿಯಾಯಿತು. ಹಾಸಿಗೆಗಳುಳ್ಳ ಆಸ್ಪತ್ರೆಯಿರಲಿ, ಒಂದೇ ಕೋಣೆಯ ಕ್ಲಿನಿಕ್ ಇರಲಿ, ಹೆರಿಗೆ ಮನೆ, ರಕ್ತ ಪರೀಕ್ಷೆಯ ಪ್ರಯೋಗಾಲಯ, ಸ್ಕ್ಯಾನಿಂಗ್ ಕೇಂದ್ರ, ಫಿಜಿಯೋಥೆರಪಿ ಕೇಂದ್ರ, ಇವೆಲ್ಲವೂ ನೋಂದಾಯಿತವಾಗಿರಲೇಬೇಕು. ನೋಂದಣಿ ನೀಡುವ ಜಿಲ್ಲಾ ಪ್ರಾಧಿಕಾರಕ್ಕೆ ಜಿಲ್ಲಾಧಿಕಾರಿಗಳು ಅಧ್ಯಕ್ಷರು, ಜಿಲ್ಲಾ ಆರೋಗ್ಯಾಧಿಕಾರಿಗಳು ಸದಸ್ಯ ಕಾರ್ಯದರ್ಶಿಗಳು. ಸ್ಥಳ ಸಾಲುವುದೇ, ಸಿಬ್ಬಂದಿ ತರಬೇತಿ ಪಡೆದವರೇ, ಸ್ವಚ್ಛತೆ ಹೇಗಿದೆ ಎಂಬುದನ್ನು ನೋಡಿ ಪ್ರಮಾಣಪತ್ರ ಕೊಡುತ್ತಾರೆ. ಅದರ ಅವಧಿ 5 ವರ್ಷ. ಆದುದರಿಂದ ಕಾಗದದ ಮೇಲಿನ ತಾರೀಖನ್ನೂ ನೋಡಬೇಕು. ಎಷ್ಟೋ ಕಡೆ ಚೌಕಟ್ಟು ಹೊಸದಾಗಿದ್ದು ಒಳಗಿನ ಕಾಗದದ ಅವಧಿ ಮುಗಿದಿರುತ್ತದೆ. ದರಪಟ್ಟಿಯನ್ನು ಜನರಿಗೆ ಕಾಣುವಂತೆ ಹಾಕಬೇಕು. ತುರ್ತು ಸ್ಥಿತಿಯಲ್ಲಿ ಬಂದವರನ್ನು ಮುಂಗಡ ಹಣ ಕಟ್ಟಿಲ್ಲವೆಂದು ಬಾಗಿಲಲ್ಲಿ ನಿಲ್ಲಿಸುವಂತಿಲ್ಲ. ಬಿಲ್ಲು ಬಾಕಿಯಿದೆಯೆಂದು ಶವವನ್ನು ಹಿಡಿದಿಟ್ಟುಕೊಳ್ಳುವಂತಿಲ್ಲ.

ಓದು ಬಾರದವರು ಏನು ಮಾಡಬೇಕೆಂದು ತಾವು ಕೇಳಬಹುದು. ಶಾಲೆಗೆ ಹೋಗುವ ಮಗನನ್ನೋ ಮಗಳನ್ನೋ ಜೊತೆಗೆ ಕರೆದೊಯ್ಯಿರಿ, ಇಲ್ಲವೇ ಹೊರಡುವ ಮುನ್ನ ಊರಿನ ಆಶಾ ಕಾರ್ಯಕರ್ತೆಯನ್ನು ವಿಚಾರಿಸಿರಿ. ಯಾವ ದವಾಖಾನೆ ಎಂಥದೆಂಬುದು ಆಕೆಗೆ ನಮಗಿಂತ ಮೊದಲೇ ತಿಳಿದಿರುತ್ತದೆ.

ಸ್ಕ್ಯಾನಿಂಗ್ ಯಂತ್ರಕ್ಕೆ ಈ ನೋಂದಣಿಯೊಂದೇ ಸಾಲದು. ಗರ್ಭದ ಲಿಂಗ ಪತ್ತೆಯನ್ನು ನಿಷೇಧಿಸುವ 1994ರ ಕೇಂದ್ರ ಕಾನೂನಿನ ಪ್ರಕಾರ ಅದಕ್ಕೆ ಬೇರೆಯೇ ನೋಂದಣಿ ಬೇಕು. ಗರ್ಭಿಣಿಯನ್ನು ಪರೀಕ್ಷಿಸಿದಾಗಲೆಲ್ಲ ನಿಗದಿತ ನಮೂನೆಯನ್ನು ತುಂಬಬೇಕು. ಇಲ್ಲಿ ಲಿಂಗ ತಿಳಿಸುವುದಿಲ್ಲವೆಂಬ ಫಲಕವಿರಬೇಕು. ತಪ್ಪಿದ ವೈದ್ಯನಿಗೆ ಮೊದಲ ಅಪರಾಧಕ್ಕೆ 3 ವರ್ಷಗಳವರೆಗೆ ಸೆರೆವಾಸ ಮತ್ತು 10 ಸಾವಿರ ರೂಪಾಯಿವರೆಗೆ ದಂಡ. ಕೇಳಲು ಹೋದ ಗಂಡನಿಗೂ ಅತ್ತೆಗೂ ಶಿಕ್ಷೆ ತಪ್ಪದು; ಅವರ ದಂಡ 50 ಸಾವಿರದವರೆಗೆ. ಗರ್ಭಿಣಿಯನ್ನು ಮಾತ್ರ, ಬೇರೆಯವರ ಒತ್ತಾಯದಿಂದ ಬಂದವಳೆಂದೇ ಕಾನೂನು ಮೊದಲಿಗೆ ಭಾವಿಸುತ್ತದೆ.

ಹಾಗೆಂದು ಬೇಡವಾದ ಗರ್ಭಕ್ಕೆ ಎಲ್ಲ ದಾರಿಗಳೂ ಮುಚ್ಚಿವೆಯೆಂದು ಅಲ್ಲ. ಸಂತಾನ ನಿಯಂತ್ರಣದ ಸಾಧನ ವಿಫಲವಾಗಿ ನಿಂತ ಗರ್ಭವನ್ನು 20 ವಾರಗಳೊಳಗೆ ತೆಗೆಸಲು 1971ರ ಕಾನೂನು ಹಾಗೂ 2021ರ ತಿದ್ದುಪಡಿ ಅವಕಾಶ ಕೊಟ್ಟಿವೆ. ಪ್ರಾಯಕ್ಕೆ ಬಂದ ಹೆಣ್ಣುಮಗಳಾದರೆ ಆಕೆಯ ಒಪ್ಪಿಗೆಯೊಂದೇ ಸಾಕು, ಗಂಡನ ಸಹಿ ಬೇಕಿಲ್ಲ. ಆದರೆ ಅದು ಸರ್ಕಾರಿ ಆಸ್ಪತ್ರೆಯಲ್ಲಿ, ಅಥವಾ ಅದಕ್ಕೆಂದೇ ಅನುಮತಿ ಪಡೆದ ಸ್ಥಳದಲ್ಲಿ, ಅರ್ಹ ವೈದ್ಯರಿಂದಲೇ ಆಗಬೇಕು. ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ, ಈ ನಾಲ್ಕೂ ಊರುಗಳಲ್ಲಿ ತಾಲ್ಲೂಕು ಆಸ್ಪತ್ರೆಗಳಿವೆ. ಅಲ್ಲಿಗೆ ಬಂದು ಕೇಳಿದರೆ ಯಾರೂ ಗದರಿಸುವಂತಿಲ್ಲ. ಗದರಿಸಿದರೆ ಅದೂ ದೂರು ಕೊಡಬೇಕಾದ ವಿಷಯವೇ.

ಸಂತಾನಶಕ್ತಿ ಹರಣ ಶಸ್ತ್ರಕ್ರಿಯೆಯ ವಿಚಾರದಲ್ಲಿ ಸರ್ಕಾರದ ಕಡೆಯವರಾದ ನಾವೂ ತಲೆ ತಗ್ಗಿಸಬೇಕಾದ ಸಂಗತಿಯೊಂದಿದೆ. 2014ರ ನವೆಂಬರಿನಲ್ಲಿ ಛತ್ತೀಸಗಡದ ಬಿಲಾಸಪುರದ ಬಳಿ, ಬಳಕೆಯಲ್ಲಿಲ್ಲದ ಖಾಸಗಿ ಆಸ್ಪತ್ರೆಯ ಕಟ್ಟಡವೊಂದರಲ್ಲಿ ಸರ್ಕಾರಿ ಶಿಬಿರ ನಡೆಯಿತು. ಕೆಲವೇ ಗಂಟೆಗಳಲ್ಲಿ ಒಬ್ಬನೇ ಶಸ್ತ್ರವೈದ್ಯನು 83 ಮಹಿಳೆಯರಿಗೆ ಶಸ್ತ್ರಕ್ರಿಯೆ ಮಾಡಿದನು. ಅವರಲ್ಲಿ 13 ಮಂದಿ ತೀರಿಕೊಂಡರು. ಕೊಟ್ಟ ಮಾತ್ರೆಯ ದೋಷವೋ, ಶಸ್ತ್ರಕ್ರಿಯೆಯ ಅಶುದ್ಧಿಯೋ ಎಂಬ ವಾದ ಬಹಳ ದಿನ ನಡೆಯಿತು. ಒಂದು ತಂಡ ಒಂದು ದಿನದಲ್ಲಿ 30ಕ್ಕಿಂತ ಹೆಚ್ಚು ಮಾಡಬಾರದೆಂಬ ಸರ್ಕಾರದ ನಿಯಮವನ್ನು ಮುರಿದುದರಲ್ಲಿ ಮಾತ್ರ ವಾದವಿರಲಿಲ್ಲ. 2016ರಲ್ಲಿ ಸರ್ವೋಚ್ಚ ನ್ಯಾಯಾಲಯವು ಇಂಥ ಸಾಮೂಹಿಕ ಶಿಬಿರಗಳನ್ನು ಮೂರು ವರ್ಷಗಳೊಳಗೆ ನಿಲ್ಲಿಸಬೇಕೆಂದು ಆದೇಶಿಸಿತು. ಆದುದರಿಂದ ತಾಯಂದಿರೇ, ಶಸ್ತ್ರಕ್ರಿಯೆಗೆ ಬಂದಾಗ ಮಾಡುವವರು ಯಾರು, ಈ ಹೊತ್ತು ಎಷ್ಟು ಜನರಿಗೆ ಮಾಡುತ್ತಾರೆ ಎಂದು ಕೇಳಿರಿ. ಒಪ್ಪಿಗೆ ಪತ್ರವನ್ನು ಕನ್ನಡದಲ್ಲಿ ಓದಿ ಹೇಳಿಸಿಕೊಂಡು ಬಳಿಕ ಸಹಿ ಮಾಡಿರಿ. ಗಂಡಸರ ಶಸ್ತ್ರಕ್ರಿಯೆ ಇದಕ್ಕಿಂತ ಸುಲಭ, ಹೊಲಿಗೆಯೂ ಬೇಕಿಲ್ಲವೆಂಬುದನ್ನು ಯಜಮಾನರಿಗೆ ನೆನಪಿಸಿ ಮುಂದೆ ಹೋಗುತ್ತೇನೆ.

ಮಕ್ಕಳಾಗದ ದಂಪತಿಗಳಿಗೆ ಎರಡು ಮಾತು. ಪ್ರನಾಳ ಶಿಶು ಚಿಕಿತ್ಸೆಯ ಕ್ಲಿನಿಕ್ಕುಗಳಿಗೂ 2021ರ ಕೇಂದ್ರ ಕಾನೂನಿನಂತೆ ಪ್ರತ್ಯೇಕ ನೋಂದಣಿ ಬೇಕು. ಹೊಲ ಮಾರಿ ಹಣ ಕಟ್ಟುವ ಮೊದಲು ಅದನ್ನು ನೋಡಿರಿ; ಅದಕ್ಕೂ ಮೊದಲು ಗಂಡನ ಪರೀಕ್ಷೆಯಾಗಲಿ.

ಇನ್ನು ಅಂಗವೈಕಲ್ಯವುಳ್ಳ ಮಕ್ಕಳ ವಿಷಯ. ಮಾತು ಬಾರದ, ಬುದ್ಧಿ ಬೆಳೆಯದ ಮಗುವನ್ನು ಸಾಕಲಾರದೆ, ಕಬ್ಬು ಕಡಿಯಲು ಹೋಗುವಾಗ ಯಾವುದಾದರೂ ವಸತಿ ಕೇಂದ್ರದಲ್ಲಿ ಬಿಡೋಣವೆನ್ನುವ ತಂದೆತಾಯಿಗಳನ್ನು ನಾನು ಕಂಡಿದ್ದೇನೆ. ಅವರ ಕಷ್ಟವನ್ನು ಹಗುರವಾಗಿ ಎಣಿಸಲಾರೆ. ಆದರೆ 2001ರ ಆಗಸ್ಟ್ 6ರಂದು ತಮಿಳುನಾಡಿನ ಏರ್ವಾಡಿಯಲ್ಲಿ ನಡೆದುದನ್ನು ಅವರು ಕೇಳಬೇಕು. ಪರವಾನಗಿಯಿಲ್ಲದ ಮನೋರೋಗಿಗಳ ಆಶ್ರಯಧಾಮಕ್ಕೆ ಬೆಂಕಿ ಬಿದ್ದಿತು. ಸರಪಳಿಯಿಂದ ಕಟ್ಟಿಹಾಕಿದ್ದ ರೋಗಿಗಳು ಓಡಲಾರದೆ 28 ಮಂದಿ ಸತ್ತರು. ಮನೆಯವರೇ ನಂಬಿ ಬಿಟ್ಟುಹೋದವರು ಅವರಲ್ಲಿದ್ದರು. 2017ರ ಮಾನಸಿಕ ಆರೋಗ್ಯ ಆರೈಕೆ ಕಾನೂನು ಸರಪಳಿ ಹಾಕುವುದನ್ನು ಸಂಪೂರ್ಣವಾಗಿ ನಿಷೇಧಿಸಿ, ಇಂಥ ಸಂಸ್ಥೆಗಳಿಗೆ ನೋಂದಣಿಯನ್ನು ಕಡ್ಡಾಯ ಮಾಡಿತು. ಅಂಗವಿಕಲರಿಗಾಗಿ ನಡೆಯುವ ಖಾಸಗಿ ಸಂಸ್ಥೆಗಳು 2016ರ ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಅಧಿನಿಯಮದಂತೆ ನೋಂದಣಿಯಾಗಿರಬೇಕು.

ಪ್ರಮಾಣಪತ್ರ ನೋಡಿದ ಮೇಲೂ ಒಂದು ಹೊತ್ತು ಅಲ್ಲಿಯೇ ಕುಳಿತಿರಿ. ಅಡುಗೆಮನೆ, ಮಲಗುವ ಕೋಣೆ, ಶೌಚಾಲಯಗಳನ್ನು ನೋಡಿರಿ. ರಾತ್ರಿ ಮಕ್ಕಳೊಡನೆ ಇರುವವರು ಯಾರೆಂದು ಕೇಳಿರಿ. ತಿಳಿಸದೆ ಬಂದು ಮಗುವನ್ನು ನೋಡಬಹುದೇ ಎಂದು ಕೇಳಿದಾಗ ಬೇಡವೆಂದರೆ, ಮಗುವನ್ನು ಮರಳಿ ಕರೆದುಕೊಂಡು ಬನ್ನಿರಿ. ಗ್ರಾಮ ಪಂಚಾಯಿತಿಯ ಪುನರ್ವಸತಿ ಕಾರ್ಯಕರ್ತರು ಗುರುತಿನ ಚೀಟಿ, ಮಾಸಾಶನಗಳ ಅರ್ಜಿಗೆ ನೆರವಾಗುತ್ತಾರೆ.

ಇಂಡಿ, ಚಡಚಣ ಕಡೆಯ ಜನರು ಸೊಲ್ಲಾಪುರಕ್ಕೆ ಹೋಗುವುದು ವಾಡಿಕೆ. ಗಡಿ ದಾಟಿದರೆ ನಮ್ಮ ರಾಜ್ಯದ 2007ರ ಕಾನೂನು ನಡೆಯದು. ಅಲ್ಲಿ ಮಹಾರಾಷ್ಟ್ರದ ನರ್ಸಿಂಗ್ ಹೋಮ್ ಕಾನೂನು ಇದೆ. ಲಿಂಗ ಪತ್ತೆ, ಗರ್ಭಪಾತ, ಅಂಗವಿಕಲರ ಕುರಿತ ಕಾನೂನುಗಳು ಕೇಂದ್ರದವಾದುದರಿಂದ ಎರಡೂ ಕಡೆ ಒಂದೇ. ಲಿಂಗ ಪತ್ತೆಯ ವಿರುದ್ಧ ದೇಶದಲ್ಲಿ ಮೊದಲು ಕಾನೂನು ಮಾಡಿದ್ದೇ ಮಹಾರಾಷ್ಟ್ರ, 1988ರಲ್ಲಿ. ಗಡಿಯಾಚೆ ನಡೆಯುತ್ತದೆಂದು ಹೇಳುವ ದಲ್ಲಾಳಿಯ ಮಾತನ್ನು ನಂಬಬೇಡಿರಿ.

ನಮ್ಮ ಜಿಲ್ಲೆಯ ದವಾಖಾನೆಗಳ ಬಗೆಗಿನ ದೂರನ್ನು ತಾಲ್ಲೂಕು ಆರೋಗ್ಯಾಧಿಕಾರಿಗಳಿಗೆ, ಇಲ್ಲವೇ ವಿಜಯಪುರದಲ್ಲಿ ಜಿಲ್ಲಾಧಿಕಾರಿಗಳಿಗೆ ಲಿಖಿತವಾಗಿ ಕೊಡಬಹುದು. ಹಣ ಕೊಟ್ಟ ಪಾವತಿ, ಔಷಧಿ ಚೀಟಿ, ವರದಿಗಳನ್ನು ಜೋಪಾನವಾಗಿಡಿರಿ. ನಾನು ಮೊದಲು ಹೇಳಿದ ಆ ಗಂಡನಲ್ಲಿ ಒಂದು ತುಂಡು ಕಾಗದವೂ ಇರಲಿಲ್ಲ. ಆದರೂ ಅವನು ದೂರು ಬರೆಸಿದನು, ತನ್ನ ತಪ್ಪನ್ನೂ ಅದರಲ್ಲಿ ಮುಚ್ಚಿಡದೆ ಬರೆಸಿದನು. ಬಹಳ ದಿನ ಅಲೆದನು. ಆ ಕೋಣೆಗೆ ಈಗ ಬೀಗ ಬಿದ್ದಿದೆ.