ಮನೆ ಬಿಟ್ಟು ಬಂದ ಹುಡುಗರಿಗೆ ‘ಊಟ ಆಯ್ತಾ’ ಅನ್ನೋರು

ಇವತ್ತಿನ ಕಂತು ಒಂದು ಜಗಳದಿಂದ ಶುರುವಾಗುತ್ತೆ. ನನ್ನ ಮತ್ತು ನಮ್ಮ ಅಪ್ಪ-ಅಮ್ಮನ ಜಗಳ.

ದೀಪಾವಳಿಗೆ ರಾಜೇಶ್ವರಕ್ಕೆ ಹೋಗಿದ್ದೆ. ಹೈದರಾಬಾದ್–ಪುಣೆ ಹೈವೇಯಲ್ಲಿ, ಹುಮನಾಬಾದ್ ದಾಟಿ ಬಸವಕಲ್ಯಾಣದ ಕಡೆ ಬರೋವಾಗ ಸಿಗೋ ಊರು ನಮ್ಮದು. ಅಪ್ಪ ರಿಟೈರ್ ಆಗಿ ಎರಡು ವರ್ಷ. ಊಟಕ್ಕೆ ಕೂತಾಗ ಅಪ್ಪ ಹೇಳಿದ್ರು: “ನಾವಿಬ್ಬರೂ ಒಂದು ಮಠಕ್ಕ ಹೋಗ್ತೀವಿ. ಒಂದು ವರ್ಷ. ಪ್ರವಚನ ಕಲೀಲಾಕ ಹುಡುಗ್ರು ಬಂದಾರ. ಮಹಾರಾಷ್ಟ್ರದವ್ರು, ತೆಲಂಗಾಣದವ್ರು. ಅಡುಗಿ, ಉಗ್ರಾಣ ನೋಡ್ಕೊಳ್ಳೋರು ಬೇಕಾಗ್ಯಾರ.”

ನಾನು ಬಿ.ಕಾಂ. ಓದಿದವನು. ಮೊದಲ ಪ್ರಶ್ನೆ ಏನು ಕೇಳಿರ್ತೀನಿ ಹೇಳಿ. “ಪಗಾರ ಎಷ್ಟು?”

ಅಮ್ಮ ತಲೆ ಎತ್ತದೇ ಅಂದ್ರು: “ಪಗಾರಿಲ್ಲ. ನಮ್ಮ ಖರ್ಚು ನಮ್ಮದೇ.”

ನನಗೆ ಸಿಟ್ಟು ಬಂತು. ಅಪ್ಪನ ಬಿ.ಪಿ. ಮಾತ್ರೆ, ಅಮ್ಮನ ಮೊಣಕಾಲು, ಖಾಲಿ ಬೀಳೋ ಮನೆ, ಎಲ್ಲ ಲೆಕ್ಕ ಹಾಕಿ ತೋರಿಸಿದೆ. ಕಾಗದದ ಮೇಲೆ ನಾನೇ ಗೆದ್ದೆ. ಆದ್ರೆ ರಾತ್ರಿ ಮಲಗಿದಾಗ ಬೆಂಗಳೂರಿನ ಒಬ್ಬ ಅಜ್ಜ-ಅಜ್ಜಿ ನೆನಪಾದರು.

ಕೆಲಸದಲ್ಲಿದ್ದಾಗ ನಾನಿದ್ದ ಅಪಾರ್ಟ್‌ಮೆಂಟಿನ ಕೆಳಗಿನ ಮಹಡಿಯಲ್ಲಿ ಅಮೆರಿಕದ ವಯಸ್ಸಾದ ದಂಪತಿ ಇದ್ದರು. ಎದೆಮೇಲೆ ಕಪ್ಪು ಬಿಲ್ಲೆ. ಜನ ಸಾಮಾನ್ಯವಾಗಿ ಮಾರ್ಮನ್ ಅಂತ ಕರೀತಾರಲ್ಲ, ಆ ಚರ್ಚಿನವರು. ಆ ಚರ್ಚಿನಲ್ಲಿ ಹುಡುಗರು 18 ತುಂಬಿದ ಮೇಲೆ ಎರಡು ವರ್ಷ ಮನೆ ಬಿಟ್ಟು ಸೇವೆಗೆ ಹೋಗ್ತಾರೆ. ಯಾವ ದೇಶಕ್ಕೆ ಅಂತ ಆರಿಸೋದು ಅವರಲ್ಲ, ಚರ್ಚು. ಮೊದಲು ಕೆಲವು ವಾರ ತರಬೇತಿ. ಯೂಟಾ ರಾಜ್ಯದ ಪ್ರೊವೊದಲ್ಲಿ ಅದಕ್ಕೇ ಒಂದು ದೊಡ್ಡ ಕೇಂದ್ರ ಇದೆ. ಅಲ್ಲಿ ಪಾಠ ಹೇಳೋರು ಹೆಚ್ಚಾಗಿ ತಾವೇ ಇತ್ತೀಚೆಗೆ ಸೇವೆ ಮುಗಿಸಿ ಬಂದ ಇಪ್ಪತ್ತರ ಆಸುಪಾಸಿನವರು. ಹಾಗಾದ್ರೆ ಅರವತ್ತು ದಾಟಿದ ದಂಪತಿಗಳಿಗೆ ಏನು ಕೆಲಸ?

ಇದನ್ನೇ ನಾನು ಅವರಿಗೆ ಕೇಳಿದ್ದೆ. ಆಫೀಸಿನ ಕಾಗದ, ಬಾಡಿಗೆ ಮನೆ ಹುಡುಕೋದು, ಜ್ವರ ಬಂದವರನ್ನ ಆಸ್ಪತ್ರೆಗೆ ಕರ್ಕೊಂಡು ಹೋಗೋದು ಅಂತ ಅಜ್ಜ ಪಟ್ಟಿ ಹೇಳಿದ್ರು. ಸಂಬಳ ಇಲ್ಲ, ಖರ್ಚು ಅವರದೇ. ಅಜ್ಜಿ ನಡುವೆ ಬಾಯಿ ಹಾಕಿ ಅಂದಿದ್ದು ಇಷ್ಟು: ಯಾವ ಹುಡುಗ ಸುಮ್ಮನಾಗಿದ್ದಾನೆ ಅಂತ ನೋಡೋದು ನನ್ನ ಕೆಲಸ.

ಆಗ ಆ ಮಾತು ನನಗೆ ತಾಗಿರಲಿಲ್ಲ.

ಮಾರನೇ ದಿನ ಅಪ್ಪ, “ನಡಿ, ಮೋಳಕೇರಾಕ್ಕ ಹೋಗಿ ಬರೂಣು” ಅಂದ್ರು. ಹುಮನಾಬಾದ್ ತಾಲ್ಲೂಕಿನ ಹಳ್ಳಿ. ಮೋಳಿಗೆ ಮಾರಯ್ಯನ ಗವಿ ಇದೆ. ಚಿಕ್ಕವನಿದ್ದಾಗ ನೋಡಿದ್ದೆ, ತಣ್ಣಗಿತ್ತು ಅನ್ನೋದಷ್ಟೇ ನೆನಪು. ಈ ಸಲ ಅಪ್ಪ ಗವಿಯೊಳಗೆ ಕೂತು ಕಥೆ ಹೇಳಿದ್ರು.

ಪರಂಪರೆ ಹೇಳೋ ಪ್ರಕಾರ ಮಾರಯ್ಯ ಕಾಶ್ಮೀರದ ರಾಜ, ಹೆಸರು ಮಹಾದೇವ ಭೂಪಾಲ. ಹೆಂಡತಿ ಗಂಗಾದೇವಿ. 12ನೇ ಶತಮಾನದಲ್ಲಿ ಬಸವಣ್ಣನವರ ಹೆಸರು ಅಲ್ಲಿಯವರೆಗೆ ಮುಟ್ಟಿ, ಇಬ್ಬರೂ ಅರಮನೆ ಬಿಟ್ಟು ಕಲ್ಯಾಣಕ್ಕೆ ಬಂದರಂತೆ. ಬಂದು ಏನಾದರು? ಮಂತ್ರಿ ಆಗಲಿಲ್ಲ, ಗುರು ಆಗಲಿಲ್ಲ. ಅವರು ಕಟ್ಟಿಗೆ ಕಡಿದು ತಂದು ಮಾರೋದು, ಅದರಲ್ಲಿ ಬಂದಿದ್ದಕ್ಕೆ ಧಾನ್ಯ ತಂದು ಇವರು ಅಂಬಲಿ ಕಾಯಿಸೋದು, ಬಂದ ಜಂಗಮರಿಗೆ ನೀಡೋದು. ಮೋಳಿಗೆ ಅಂದ್ರೆ ಕಟ್ಟಿಗೆ ಹೊರೆ. ರಾಜನ ಹೆಸರು ಹೋಗಿ ಹೊರೆಯ ಹೆಸರು ಉಳೀತು. ಆಕೆ ಮೋಳಿಗೆ ಮಹಾದೇವಿ ಆದಳು.

ಆ ಕಾಲದ ಕಲ್ಯಾಣ ಹೇಗಿತ್ತು ಅಂತ ಸ್ವಲ್ಪ ಯೋಚನೆ ಮಾಡಿ. ಸೊನ್ನಲಿಗೆಯಿಂದ ಸಿದ್ಧರಾಮ, ಬಳ್ಳಿಗಾವೆಯಿಂದ ಅಲ್ಲಮ, ಉಡುತಡಿಯಿಂದ ಹರೆಯದ ಅಕ್ಕಮಹಾದೇವಿ. ಕಲಿತು, ಊರೂರು ತಿರುಗಿ ಹೇಳೋ ಜಂಗಮರು. ಎಲ್ಲರೂ ಮನೆ ಬಿಟ್ಟು ಬಂದವರೇ. ಅವರ ನಡುವೆ ಒಂದು ಸಂಸಾರ, ಒಂದು ಒಲೆ.

ಬಸವಣ್ಣನವರು ಒಂದು ಸಲ ವೇಷ ಮರೆಸಿಕೊಂಡು ಬಂದು, ಅಂಬಲಿ ಕುಡಿದು, ಗೊತ್ತಾಗದ ಹಾಗೆ ಹೊನ್ನು ಇಟ್ಟು ಹೋದರು ಅನ್ನೋ ಕಥೆ ನಿಮಗೂ ಗೊತ್ತಿರಬಹುದು. ಮಾರಯ್ಯ ಅದನ್ನ ಇಟ್ಟುಕೊಳ್ಳಲಿಲ್ಲ, ಹಂಚಿಬಿಟ್ಟ. ನಾನು ಕಾಮರ್ಸ್ ವಿದ್ಯಾರ್ಥಿಯಾಗಿ ಈ ಕಥೆಗೆ ನಕ್ಕವನು. ಬಂಡವಾಳ ಬೇಡ ಅನ್ನೋ ವ್ಯಾಪಾರ ಯಾವುದು? ಈಗ ಅನ್ಸುತ್ತೆ, ಹೊನ್ನು ತಗೊಂಡಿದ್ರೆ ಅವರು ಬೇರೆಯವರ ದುಡ್ಡಲ್ಲಿ ಛತ್ರ ನಡೆಸೋ ಮ್ಯಾನೇಜರ್ ಆಗ್ತಿದ್ರು, ಅಷ್ಟೇ.

ನನ್ನನ್ನ ನಿಲ್ಲಿಸಿದ್ದು ಇನ್ನೊಂದು ಕಥೆ. ಮರುಳಶಂಕರದೇವ. ಅಫ್ಘಾನಿಸ್ತಾನದ ಕಡೆಯಿಂದ ಬಂದವನು ಅಂತಾರೆ. ಬಸವಣ್ಣನವರ ಮಹಾಮನೆಯಲ್ಲೇ, ಪ್ರಸಾದಕುಂಡದ ಹತ್ತಿರ 12 ವರ್ಷ ಇದ್ದ. ದಿನಾ ಅಷ್ಟು ಜನ ಓಡಾಡೋ ಜಾಗ, ಆದ್ರೆ ಯಾರೂ ಅವನನ್ನ ಗುರುತಿಸಲಿಲ್ಲ. ಕೊನೆಗೆ ಅಲ್ಲಮಪ್ರಭು ಬಂದು, ಇಲ್ಲೊಬ್ಬ ಇದ್ದಾನಲ್ಲ ಅಂತ ತೋರಿಸಬೇಕಾಯ್ತು. ಶೂನ್ಯಸಂಪಾದನೆ ಇದನ್ನ ಮುಚ್ಚಿಟ್ಟಿಲ್ಲ. ಅನುಭವ ಮಂಟಪ ಇದ್ದ ಊರಲ್ಲೇ, ದೂರದಿಂದ ಬಂದ ಒಬ್ಬ 12 ವರ್ಷ ಕಾಣದೇ ಉಳಿಯಬಹುದು. ಆಗ ಆ ಅಮೆರಿಕದ ಅಜ್ಜಿಯ ಮಾತು ತಾಗಿತು ನೋಡಿ.

ಇನ್ನೊಂದು. ಅದೇ ಶೂನ್ಯಸಂಪಾದನೆಯಲ್ಲಿ ಮಾರಯ್ಯನಿಗೆ ಕೊನೆಗೆ ಕೈಲಾಸದ ಆಸೆ ಬರುತ್ತೆ. ತಡೆದು ಕೇಳೋಳು ಹೆಂಡತಿ. ಇರೋ ಜಾಗ ಬಿಟ್ಟು ಇನ್ನೆಲ್ಲಿಗೆ ಹೋಗ್ತೀಯ ಅನ್ನೋ ಅರ್ಥದಲ್ಲಿ ಗಂಡನನ್ನೇ ತಿದ್ದುತ್ತಾಳೆ. ಅವನು ಒಪ್ಪುತ್ತಾನೆ. ಮಾರಯ್ಯನ ಹೆಸರಲ್ಲಿ ಸುಮಾರು 800 ವಚನ ಸಿಕ್ಕಿವೆ, ಮಹಾದೇವಿಯವು 70ರ ಆಸುಪಾಸು. ಆದರೂ ಆ ಮಾತುಕತೆಯಲ್ಲಿ ಗುರು ಆಕೆಯೇ. ಒಬ್ಬ ಹಿರಿಯ ತಪ್ಪು ಒಪ್ಪಿಕೊಳ್ಳೋದನ್ನ ಕಣ್ಣಾರೆ ನೋಡೋದಕ್ಕಿಂತ ದೊಡ್ಡ ಪಾಠ ಕಲಿಯೋಕೆ ಬಂದ ಹುಡುಗರಿಗೆ ಇನ್ನೇನಿದೆ?

ಬಸವಕಲ್ಯಾಣದಲ್ಲಿ ಹೊಸ ಅನುಭವ ಮಂಟಪಕ್ಕೆ 2021ರ ಜನವರಿ 6ರಂದು ಶಂಕುಸ್ಥಾಪನೆ ಆಯ್ತು. ಆಗ ಹೇಳಿದ ಅಂದಾಜು 500 ಕೋಟಿ. ಆಗಲಿ, ನಮ್ಮ ಭಾಗಕ್ಕೆ ಅದು ಬೇಕು. ಆದ್ರೆ ಮಂಟಪಕ್ಕೆ ಅಂದಾಜುಪಟ್ಟಿ ಬರೆಯಬಹುದು, ಆ ಒಲೆಗೆ ಬರೆಯೋಕಾಗಲ್ಲ. ನಾನು ಅಪ್ಪ-ಅಮ್ಮಂಗೆ ತೋರಿಸಿದ ಲೆಕ್ಕದಲ್ಲಿ ತಪ್ಪಿದ್ದದ್ದೂ ಅಲ್ಲೇ. ಖರ್ಚಿನ ಕಾಲಂ ಸರಿಯಾಗೇ ಇತ್ತು. ಅವರಿಬ್ಬರೂ ಖಾಲಿ ಮನೆಯಲ್ಲಿ ದಿನಾ ಏನು ಕಳ್ಕೊಳ್ತಿದ್ರು ಅನ್ನೋ ಕಾಲಂ ಇರಲೇ ಇಲ್ಲ.

ಅವರು ಹೋದರು. ಮಾತ್ರೆ ಡಬ್ಬಿ ನಾನೇ ತುಂಬಿಸಿ ಕೊಟ್ಟೆ. ಮೊದಲ ವಾರ ಅಮ್ಮ ಫೋನ್ ಮಾಡಿ, “ನಾಂದೇಡ ಕಡೀದು ಒಂದು ಹುಡುಗ ಮೂರು ದಿನದಿಂದ ಸರಿ ಉಣವಲ್ದು” ಅಂದ್ರು. ಕನ್ನಡ ಸರಿಯಾಗಿ ಬರಲ್ಲ, ಅದಕ್ಕೇ ಪಾಠದಲ್ಲಿ ಸುಮ್ಮನೆ ಕೂರ್ತಿದ್ದನಂತೆ. ಅಮ್ಮಂಗೆ ಮರಾಠಿ ಬರುತ್ತೆ, ನಮ್ಮ ಕಡೆ ಯಾರಿಗೆ ಬರಲ್ಲ ಹೇಳಿ. ಈಗ ಅವನು ಅಡುಗೆಮನೆಯಲ್ಲಿ ರೊಟ್ಟಿ ಎಣಿಸ್ತಾ ಕನ್ನಡ ಅಂಕಿ ಕಲೀತಿದ್ದಾನೆ. ಇನ್ನೊಂದು ದಿನ ಸಾರಿನ ಉಪ್ಪಿನ ವಿಷಯಕ್ಕೆ ಅಪ್ಪ-ಅಮ್ಮ ಎಲ್ಲರೆದುರೇ ವಾದ ಮಾಡಿದ್ರಂತೆ. ಅಪ್ಪ ಸೋತರು. ಹುಡುಗರು ಬಿದ್ದು ಬಿದ್ದು ನಕ್ಕರಂತೆ.

ನನಗೆ ಬೇಜಾರಿಲ್ಲ ಅಂದ್ರೆ ಸುಳ್ಳಾಗುತ್ತೆ. ಮೊದಲೆಲ್ಲ ರಾತ್ರಿ ಎಂಟಕ್ಕೆ ಬರ್ತಿದ್ದ ಫೋನು ಈಗ ಹುಡುಗರ ಊಟ ಮುಗಿದ ಮೇಲೆ, ಹತ್ತರ ಹತ್ತಿರ ಬರುತ್ತೆ. ಆದ್ರೆ ಪ್ರಶ್ನೆ ಅದೇ: “ಊಟ ಆಯ್ತಾ?”

ನಿಮ್ಮ ಮನೆಯಲ್ಲೂ ಇಂಥ ಜಗಳ ನಡೆದಿದ್ರೆ, ಯಾರು ಗೆದ್ದರು ಅಂತ ವಾಯ್ಸ್ ನೋಟ್ ಕಳಿಸಿ. ಮುಂದಿನ ವಾರ ಸಿಗೋಣ. ಶರಣು.