ಮಂಗಳನ ಮಣ್ಣಿಗಿಳಿದ ಮೊಳೆ

(ವಾಚನಾಲಯದ ಭಾನುವಾರದ ಕೂಟದಲ್ಲಿ ಮಾಡಿದ ಭಾಷಣ)



ಇಂದಿನ ವಿಷಯವನ್ನು ಬೋರ್ಡಿನ ಮೇಲೆ ಓದಿದವರಲ್ಲಿ ಕೆಲವರು, “ಮಂಗಳ ಗ್ರಹದ ಮಣ್ಣು ಬಿಸಿಯಾದರೇನು, ತಣ್ಣಗಾದರೇನು? ಅದರಿಂದ ನಮಗಾಗಬೇಕಾದುದೇನು?” ಎಂದು ಕೇಳಿದರು. ಪ್ರಶ್ನೆ ನ್ಯಾಯವಾದುದೇ. ನಾವು ಪಂಡಿತರಲ್ಲ, ಓದಿ ತಿಳಿದುದನ್ನು ತಮ್ಮ ಮುಂದಿಡುತ್ತೇವೆ. ಉತ್ತರವನ್ನು ನಮ್ಮ ಅಡಿಗೆಮನೆಯಿಂದಲೇ ಆರಂಭಿಸೋಣ.

ಒಲೆಯ ಮೇಲಿನ ಬಾಣಲೆಯ ಕಬ್ಬಿಣದ ಹಿಡಿ ಕೈ ಸುಡುತ್ತದೆ. ಮರದ ಹಿಡಿ ಸುಡುವುದಿಲ್ಲ. ಬೆಂಕಿ ಎರಡಕ್ಕೂ ಒಂದೇ. ಶಾಖವನ್ನು ಸಾಗಿಸುವ ಗುಣ ಮಾತ್ರ ಬೇರೆ. ಈ ಗುಣಕ್ಕೆ ಉಷ್ಣವಾಹಕತೆ ಎಂದು ಹೆಸರು. ಇನ್ನು, ಬೇಸಗೆಯ ಮಧ್ಯಾಹ್ನ ಸಮುದ್ರದಂಡೆಯಲ್ಲಿ ಬರಿಗಾಲಿನಿಂದ ನಡೆದವರಿಗೆ ಮತ್ತೊಂದು ಸಂಗತಿ ಗೊತ್ತು. ಮೇಲಿನ ಮರಳು ಕಾಲು ಸುಡುತ್ತದೆ. ಗೇಣಷ್ಟು ಕೆದಕಿದರೆ ಒಳಗೆ ತಂಪು. ಹಗಲಿನ ಬಿಸಿ ಅಲ್ಲಿಗೆ ಇಳಿಯುವಷ್ಟರಲ್ಲಿ ಸಂಜೆಯೇ ಆಗಿರುತ್ತದೆ. ಮಣ್ಣು ಹೀಗೆ ಒಂದು ಕಂಬಳಿ.

ಮೇಲಿನ ಬಿಸಿಲನ್ನು ತಡೆಯುವ ಈ ಕಂಬಳಿ ಒಳಗಿನ ಬಿಸಿಯನ್ನೂ ತಡೆಯುತ್ತದೆ. ಗ್ರಹದ ಗರ್ಭದಲ್ಲಿ ಅದು ಹುಟ್ಟಿದಂದಿನ ಶಾಖವಿದೆ. ಬಂಡೆಗಳಲ್ಲಿರುವ ಯುರೇನಿಯಂ, ಥೋರಿಯಂ ಮುಂತಾದ ಧಾತುಗಳಿಂದ ಹೊಸದಾಗಿ ಹುಟ್ಟುವ ಶಾಖವೂ ಇದೆ. ಅದು ಮೆಲ್ಲಮೆಲ್ಲನೆ ಮೇಲಕ್ಕೆ ಹರಿದು ಆಕಾಶಕ್ಕೆ ಸೇರುತ್ತದೆ. ಎಷ್ಟು ಹರಿಯುತ್ತಿದೆಯೆಂದು ತಿಳಿದರೆ ಆ ಗ್ರಹದ ಒಡಲು ಹೇಗಿದೆ, ಎಷ್ಟು ಆರಿದೆ ಎಂದು ಊಹಿಸಬಹುದು. ಲೆಕ್ಕಕ್ಕೆ ಬೇಕಾದುವು ಎರಡೇ ಅಂಕಿಗಳು: ಆಳಕ್ಕೆ ಇಳಿದಂತೆ ಬಿಸಿ ಎಷ್ಟು ಏರುತ್ತದೆ, ಮತ್ತು ಆ ಮಣ್ಣಿನ ಉಷ್ಣವಾಹಕತೆ ಎಷ್ಟು. ಎರಡನ್ನೂ ಗುಣಿಸಿದರೆ ಉತ್ತರ ಬಂತು.

ಈ ಎರಡು ಅಂಕಿಗಳನ್ನು ತರಲು ಅಮೆರಿಕದ ನಾಸಾ ಸಂಸ್ಥೆಯ ಇನ್‌ಸೈಟ್ ಎಂಬ ನೌಕೆ 2018ರ ಮೇ 5ರಂದು ಹೊರಟು, ಅದೇ ವರ್ಷ ನವೆಂಬರ್ 26ರಂದು ಮಂಗಳದ ಎಲಿಸಿಯಂ ಎಂಬ ಬಯಲಿನಲ್ಲಿ ಇಳಿಯಿತು. ಮಣ್ಣಿನ ಶಾಖವನ್ನು ಅಳೆಯುವ ಯಂತ್ರ ಮಾತ್ರ ಜರ್ಮನಿಯವರದು. ಅದರ ಮುಖ್ಯ ವಿಜ್ಞಾನಿ ಟಿಲ್ಮನ್ ಸ್ಪೋನ್. ಅದು ಸುಮಾರು 40 ಸೆಂಟಿಮೀಟರು ಉದ್ದದ, 2.7 ಸೆಂಟಿಮೀಟರು ದಪ್ಪದ ಒಂದು ಮೊಳೆ. ಹೊಡೆಯುವ ಸುತ್ತಿಗೆ ಮೊಳೆಯ ಹೊಟ್ಟೆಯೊಳಗೇ ಇತ್ತು. ಮೋಟಾರು ಸ್ಪ್ರಿಂಗನ್ನು ಬಿಗಿದು ಬಿಟ್ಟಾಗಲೆಲ್ಲ ಒಂದು ಪೆಟ್ಟು ಬೀಳುವುದು. ಬಾಲದಂತೆ ಹಿಂದೆ ಎಳೆದೊಯ್ಯುವ ಪಟ್ಟಿಯಲ್ಲಿ ಉಷ್ಣಮಾಪಕಗಳು. ಗುರಿ ಐದು ಮೀಟರು ಆಳ. ಕನಿಷ್ಠ ಮೂರು ಮೀಟರಾದರೂ ಬೇಕು. ಏಕೆಂದರೆ ಅದಕ್ಕಿಂತ ಮೇಲೆ ಹಗಲಿರುಳಿನ, ಚಳಿಗಾಲ ಬೇಸಗೆಯ ಏರಿಳಿತಗಳು ಒಳಗಿನ ಸಣ್ಣ ಬಿಸಿಯನ್ನು ಮರೆಮಾಡುತ್ತವೆ.

2019ರ ಫೆಬ್ರವರಿ 28ರಂದು ಹೊಡೆತ ಆರಂಭವಾಯಿತು. ಮೊಳೆ ಸುಮಾರು 35 ಸೆಂಟಿಮೀಟರು ಇಳಿದು ನಿಂತುಬಿಟ್ಟಿತು!

ಕಾರಣವೇನು? ಪ್ರತಿಯೊಂದು ಪೆಟ್ಟಿಗೂ ಒಂದು ಹಿಂದೊತ್ತು ಇರುತ್ತದೆ. ಸುತ್ತಲಿನ ಮಣ್ಣು ಮೊಳೆಯನ್ನು ಬಿಗಿಯಾಗಿ ಹಿಡಿದಿದ್ದರೆ ಮಾತ್ರ ಅದು ಹಿಂದಕ್ಕೆ ನೆಗೆಯದೆ ಮುಂದಕ್ಕೆ ಹೋಗುತ್ತದೆ. ಇಲ್ಲಿಯ ಮಣ್ಣು ಸಡಿಲ ಮರಳಿನಂತೆ ಕುಸಿದು ಮೊಳೆಯನ್ನು ಅಪ್ಪಿಕೊಳ್ಳಲಿಲ್ಲ. ಹೆಪ್ಪುಗಟ್ಟಿದ ಹಕ್ಕಳೆಯಂತೆ ನಿಂತಿತು. ಮೊಳೆಯ ಸುತ್ತ ಬರಿಯ ಗುಂಡಿಯಾಯಿತು. ಹಿಡಿತವಿಲ್ಲದ ಮೊಳೆ ಇದ್ದಲ್ಲಿಯೇ ಕುಣಿಯತೊಡಗಿತು.

ಸರಿಪಡಿಸಲು ಅಲ್ಲಿ ಮನುಷ್ಯನಿಲ್ಲ. ಆಜ್ಞೆ ರೇಡಿಯೋ ಮೂಲಕ ಹೋಗಬೇಕು. ಮುಟ್ಟಲು ಹಲವು ನಿಮಿಷ. ನೌಕೆಯ ಯಂತ್ರಬಾಹುವಿನ ತುದಿಯಲ್ಲಿ ಒಂದು ಪುಟ್ಟ ಸಲಿಕೆಯಿತ್ತು. ಅದರಿಂದ ಮೊಳೆಯನ್ನು ಪಕ್ಕಕ್ಕೆ ಒತ್ತಿ ಹಿಡಿದರು, ಸ್ವಲ್ಪ ಇಳಿಯಿತು. 2019ರ ಅಕ್ಟೋಬರಿನಲ್ಲಿ ಅದೇ ಮೊಳೆ ಅರ್ಧದಷ್ಟು ಹೊರಗೆ ಬಂದುಬಿಟ್ಟಿತು. ಮರುವರ್ಷ ಅದರ ನೆತ್ತಿಯನ್ನೇ ಸಲಿಕೆಯಿಂದ ಒತ್ತಿ, ಬೆರಳಗಲ ಬೆರಳಗಲವಾಗಿ ಇಳಿಸಿ, ಮೇಲೆ ಮಣ್ಣೆಳೆದು ಮುಚ್ಚಿದರು. 2021ರ ಜನವರಿ 9ರಂದು ಕೊನೆಯದಾಗಿ ಐನೂರು ಪೆಟ್ಟು ಹೊಡೆಸಿ ನೋಡಿದರು. ಮೊಳೆ ಅಲುಗಲಿಲ್ಲ. ಅಗೆಯುವ ಕೆಲಸ ಇಲ್ಲಿಗೆ ಮುಗಿಯಿತೆಂದು ಒಂದು ವಾರದೊಳಗೆ ಲೋಕಕ್ಕೆ ತಿಳಿಸಿದರು.

ಹಾಗಾದರೆ ಎರಡು ವರ್ಷಗಳ ಶ್ರಮ ಹೊಳೆಯಲ್ಲಿ ಹುಣಿಸೆಹಣ್ಣು ತೊಳೆದಂತಾಯಿತೆ?

ಇಲ್ಲ. ಐದು ಮೀಟರಿಗೆ ಇಳಿಯದಿದ್ದರೂ ಮೊಳೆ ಈಗ ಪೂರ್ತಿಯಾಗಿ ಮಣ್ಣಿನೊಳಗಿತ್ತು. ಅದರ ಮೈಯನ್ನೇ ಅಳೆದ ವಿದ್ಯುತ್ತಿನಿಂದ ಕಾಯಿಸಬಹುದಾಗಿತ್ತು. ಸುತ್ತಲಿನ ಮಣ್ಣು ಶಾಖವನ್ನು ಚೆನ್ನಾಗಿ ಸಾಗಿಸಿದರೆ ಮೊಳೆ ಹೆಚ್ಚು ಬಿಸಿಯಾಗದು. ಸಾಗಿಸದಿದ್ದರೆ ಬೇಗ ಬಿಸಿಯೇರುವುದು. ಆ ಏರಿಕೆಯ ವೇಗದಿಂದಲೇ ಉಷ್ಣವಾಹಕತೆಯನ್ನು ಲೆಕ್ಕ ಹಾಕಿದರು. ದೊರೆತ ಅಂಕಿ: 0.039. ಎಂದರೆ, ಒಂದು ಮೀಟರು ದಪ್ಪದ ಮಣ್ಣಿನ ಎರಡು ಮುಖಗಳಿಗೆ ಒಂದು ಡಿಗ್ರಿ ಅಂತರವಿದ್ದರೆ, ಪ್ರತಿ ಚದರ ಮೀಟರಿನಲ್ಲಿ ಹಾಯುವ ಶಾಖ 0.039 ವಾಟ್. ಇದು ಹೆಚ್ಚುಕಡಿಮೆ ಥರ್ಮೋಕೋಲಿನ ಗುಣ. ಮೀನು ಮಾರುಕಟ್ಟೆಯಲ್ಲಿ ಮಂಜುಗಡ್ಡೆ ಕರಗದಂತೆ ಇಡುವ ಬಿಳಿಯ ಪೆಟ್ಟಿಗೆಯನ್ನು ತಾವೆಲ್ಲರೂ ನೋಡಿದ್ದೀರಿ. ಮಂಗಳನ ಮಣ್ಣು ಅಂಥದು. ಕಬ್ಬಿಣ ಇದಕ್ಕಿಂತ ಸುಮಾರು ಎರಡು ಸಾವಿರ ಪಟ್ಟು ಶಾಖವನ್ನು ಸಾಗಿಸುತ್ತದೆ.

ಅಳತೆಯನ್ನು ಒಮ್ಮೆ ಮಾಡಿ ಕೈಬಿಡಲಿಲ್ಲ. ಋತು ಋತುವಿಗೂ ಮಾಡಿದರು. ಆಗ ಒಂದು ಸೊಗಸಾದ ಸಂಗತಿ ಹೊರಬಿತ್ತು. ಮಂಗಳದ ಗಾಳಿ ಬಹುಪಾಲು ಇಂಗಾಲದ ಡೈ ಆಕ್ಸೈಡು; ಅದರ ಒತ್ತಡ ನಮ್ಮ ಗಾಳಿಯದರ ನೂರರಲ್ಲೊಂದು ಪಾಲಿಗಿಂತಲೂ ಕಡಿಮೆ. ಧ್ರುವದ ಚಳಿಗಾಲದಲ್ಲಿ ಈ ಗಾಳಿಯ ಒಂದಂಶ ಹಿಮವಾಗಿ ನೆಲಕ್ಕೆ ಬೀಳುತ್ತದೆ, ಒತ್ತಡ ಇಳಿಯುತ್ತದೆ. ಒತ್ತಡ ಇಳಿದಾಗ ಮಣ್ಣಿನ ಉಷ್ಣವಾಹಕತೆಯೂ ಕೊಂಚ ಇಳಿಯಿತು, ಏರಿದಾಗ ಏರಿತು. ಕಣ ಕಣಗಳ ನಡುವಿನ ಅಲ್ಪ ಗಾಳಿಯೂ ಅಲ್ಲಿ ಶಾಖವನ್ನು ಹೊರುತ್ತಿದೆ ಎಂದಾಯಿತು.

ಗಾಳಿಯೇ ಇಲ್ಲದ ಕಡೆ ಹೇಗೆ? ಅದಕ್ಕೆ ಉತ್ತರ ತಂದುದು ನಮ್ಮ ದೇಶ. 2023ರ ಆಗಸ್ಟ್ 23ರಂದು ಚಂದ್ರಯಾನ-3 ಚಂದ್ರನ ಮೇಲೆ ಇಳಿಯಿತು. ಬೆಂಗಳೂರಿನ ನಿಯಂತ್ರಣ ಕೇಂದ್ರದಲ್ಲಿ ಚಪ್ಪಾಳೆಯಾದುದನ್ನು ತಾವೂ ನೋಡಿರಬೇಕು. ಚಾಸ್ಟೆ ಎಂಬ ಅದರ ಸಲಾಕೆ ಹತ್ತು ಉಷ್ಣಮಾಪಕಗಳೊಂದಿಗೆ ಹತ್ತು ಸೆಂಟಿಮೀಟರು ಆಳಕ್ಕೆ ಇಳಿಯಿತು. ಅಲ್ಲಿಯ ಮಣ್ಣಿನ ಉಷ್ಣವಾಹಕತೆ ಸುಮಾರು 0.012, ಮಂಗಳನ ಮಣ್ಣಿನ ಮೂರರಲ್ಲೊಂದು ಪಾಲು.

ಬಂಧುಗಳೇ, 2022ರ ಡಿಸೆಂಬರಿನಲ್ಲಿ, ಸೌರಫಲಕಗಳಿಗೆ ಧೂಳು ಕವಿದು, ಇನ್‌ಸೈಟ್ ಮೌನವಾಯಿತು. ಬೇಕಾಗಿದ್ದ ಎರಡು ಅಂಕಿಗಳಲ್ಲಿ ಒಂದು ಕೈಸೇರಿದೆ, ಅದೂ ಮೇಲ್ಪದರದ್ದು. ಇನ್ನೊಂದರ ಜಾಗ ಖಾಲಿಯಿದೆ. ಆ ಜನರು ಖಾಲಿ ಜಾಗದಲ್ಲಿ ಊಹೆಯ ಅಂಕಿಯನ್ನು ತುಂಬಿ ಲೆಕ್ಕ ಮುಗಿಸಲಿಲ್ಲ. ಎಷ್ಟು ಇಳಿದೆವು, ಎಲ್ಲಿ ನಿಂತೆವು, ಏಕೆ ನಿಂತೆವು ಎಂಬುದನ್ನು ಬರೆದಿಟ್ಟರು. ಮುಂದೆ ಮೊಳೆ ಮಾಡುವವನಿಗೆ ಆ ಬರಹವೇ ಮೊದಲ ಪಾಠ. ಹಗಲೆಲ್ಲ ಲೆಡ್ಜರು ಬರೆಯುವ, ಯಂತ್ರದ ಮುಂದೆ ನಿಲ್ಲುವ ನಮಗೆ ಇದರ ಬೆಲೆ ಬೇರೆಯವರು ಹೇಳಿಕೊಡಬೇಕಾಗಿಲ್ಲ.