ಕಲ್ಲಿಗೆ ಹಾಕುವ ಮೊದಲು ಪ್ರೂಫ್ ನೋಡಿ

(ಯುವಕರ ಸಭೆಯೊಂದರಲ್ಲಿ ಮಾಡಿದ ಭಾಷಣ)



ನಾನು ದೊಡ್ಡ ಓದು ಓದಿದವನಲ್ಲ. ಪಿಯುಸಿ ಮುಗಿಸಿ ಅಚ್ಚುಕೂಟ ಸೇರಿದವನು. ಮದುವೆ ಕರೆಯೋಲೆಯಿಂದ ಹಿಡಿದು ವೈಕುಂಠ ಸಮಾರಾಧನೆಯ ಕಾರ್ಡಿನವರೆಗೆ ಜನರ ಹೆಸರು ಅಚ್ಚು ಹಾಕುವುದೇ ನನ್ನ ಅನ್ನ. ಆ ಹಕ್ಕಿನಿಂದಲೇ ಸ್ಮಾರಕದ ಬಗ್ಗೆ ನಾಲ್ಕು ಮಾತು ಹೇಳುತ್ತೇನೆ.

2024ರ ಜುಲೈ 16ರಂದು ಅಂಕೋಲಾ ತಾಲೂಕಿನ ಶಿರೂರಿನಲ್ಲಿ ಗುಡ್ಡ ಕುಸಿಯಿತು. ಹೆದ್ದಾರಿ ಬದಿಯಲ್ಲಿ ಚಹಾ ಅಂಗಡಿ ಇಟ್ಟುಕೊಂಡಿದ್ದ ಸಂಸಾರ ಮಣ್ಣಾಯಿತು. ಕೇರಳ, ತಮಿಳುನಾಡಿನಿಂದ ಬಂದಿದ್ದ ಲಾರಿ ಚಾಲಕರೂ ಸತ್ತರು. ಮಣ್ಣು ಗಂಗಾವಳಿಗೆ ಬಿದ್ದ ರಭಸಕ್ಕೆ ನೀರು ಆಚೆ ದಡದ ಉಳುವರೆಗೆ ನುಗ್ಗಿ ಅಲ್ಲೂ ಜೀವ ತೆಗೆಯಿತು. ಇಂಥವರ ನೆನಪಿನ ಜಾಗ ಹೇಗಿರಬೇಕು? ಒಂದು ಮಂಟಪ, ಒಂದು ಕಾರಂಜಿ, ಉದ್ಘಾಟಿಸಿದ ಮಂತ್ರಿಗಳ ಹೆಸರಿನ ದೊಡ್ಡ ಫಲಕ. ಇಷ್ಟಾದರೆ ಸಾಕೇ?

ಗುಜರಾತಿನ ಭುಜ್ ಕಡೆ ನೋಡಿ. ಅಲ್ಲಿ 2001ರ ಜನವರಿ 26ರ ಭೂಕಂಪದಲ್ಲಿ ಸತ್ತವರಿಗಾಗಿ ಭುಜಿಯಾ ಗುಡ್ಡದ ಮೇಲೆ 470 ಎಕರೆಯಲ್ಲಿ 'ಸ್ಮೃತಿವನ' ಮಾಡಿದ್ದಾರೆ. 2022ರ ಆಗಸ್ಟ್ 28ರಂದು ಅದು ಉದ್ಘಾಟನೆಯಾಯಿತು. ಗುಡ್ಡದ ಮಳೆನೀರು ಹಿಡಿಯಲು 50 ಚೆಕ್ ಡ್ಯಾಂ ಕಟ್ಟಿ, ಅವುಗಳ ಗೋಡೆಯ ಮೇಲೆ 12,932 ಜನರ ಹೆಸರು ಹಾಕಿದ್ದಾರೆ. ಬರಗಾಲದ ಕಚ್ಛ್ ನಾಡಿನಲ್ಲಿ ಸತ್ತವರ ಹೆಸರಿನ ಪಕ್ಕದಲ್ಲೇ ನೀರು ನಿಲ್ಲುತ್ತದೆ, ಗಿಡ ಬೆಳೆಯುತ್ತದೆ.

ಇನ್ನು ಜಪಾನಿನ ಅನೆಯೋಶಿ ಎಂಬ ಹಳ್ಳಿ. 1933ರ ಸುನಾಮಿಯ ನಂತರ ಅಲ್ಲಿ ಒಂದು ಕಲ್ಲು ನೆಟ್ಟರು. ಈ ಜಾಗದಿಂದ ಕೆಳಗೆ ಮನೆ ಕಟ್ಟಬೇಡಿ ಎಂದು ಅವರ ಭಾಷೆಯಲ್ಲೇ ಬರೆಸಿದರು. ಜನ ಓದಿದರು, ಪಾಲಿಸಿದರು. 2011ರ ಸುನಾಮಿ ಆ ಕಲ್ಲನ್ನು ಮುಟ್ಟಲಿಲ್ಲ. ಮೇಲಿದ್ದ ಮನೆಗಳೆಲ್ಲ ಉಳಿದವು. ಊರಿನವರಿಗೆ ತಿಳಿಯದ ಭಾಷೆಯಲ್ಲಿ ಬರೆಸಿದ್ದರೆ ಯಾರು ಓದುತ್ತಿದ್ದರು?

ಆದ್ದರಿಂದ ಶಿರೂರಿನಂಥ ಜಾಗಕ್ಕೆ ನಾನು ಕೇಳುವುದು ಮೂರೇ ಮೂರು. ಒಂದು, ಮಣ್ಣು ಎಲ್ಲಿಯವರೆಗೆ ಬಂತು, ನೀರು ಎಷ್ಟು ಎತ್ತರಕ್ಕೆ ಏರಿತು ಎಂದು ನದಿಯ ಎರಡೂ ದಡದಲ್ಲಿ ಗುರುತಿನ ಕಲ್ಲು ಇರಲಿ. ಎಚ್ಚರಿಕೆಯ ಮಾತು ಶಾಲೆಯ ಮಗುವಿಗೂ ಅರ್ಥವಾಗುವ ಕನ್ನಡದಲ್ಲಿರಲಿ. ಎರಡು, ಸತ್ತ ಒಬ್ಬೊಬ್ಬರ ಹೆಸರೂ ಇರಲಿ, 'ಮತ್ತು ಇತರರು' ಎಂಬ ಮಾತು ಬೇಡ. ಮೂರು, ಕನ್ನಡದ ಕೆಳಗೆ ಮಲಯಾಳಿಯ ಹೆಸರು ಮಲಯಾಳಂನಲ್ಲಿ, ತಮಿಳರ ಹೆಸರು ತಮಿಳಿನಲ್ಲೂ ಇರಲಿ. ಅವರ ತಾಯಿ ಬಂದರೆ ಮಗನ ಹೆಸರನ್ನು ತಾನೇ ಓದಿಕೊಳ್ಳಬೇಕು. ನಮ್ಮ ಅಕ್ಷರಕ್ಕೆ ನಾವು ಕೇಳುವ ಮರ್ಯಾದೆ ಅದೇ ಅಲ್ಲವೇ?

ಕೆತ್ತುವ ಮೊದಲು ಪಟ್ಟಿ ಹಿಡಿದು ಮನೆಮನೆಗೆ ಹೋಗಬೇಕು. ಇನಿಷಿಯಲ್, ಮನೆತನ, ಒತ್ತಕ್ಷರ ಎಲ್ಲವನ್ನೂ ಗಟ್ಟಿಯಾಗಿ ಓದಿ ಹೇಳಿ ಮನೆಯವರಿಂದ ರುಜು ಪಡೆಯಬೇಕು. ಪತ್ರಿಕೆಯಲ್ಲಿ ತಪ್ಪಾದರೆ ಮುಂದಿನ ಸಂಚಿಕೆಯಲ್ಲಿ ತಿದ್ದುಪಡಿ ಹಾಕಬಹುದು. ಕಲ್ಲಿಗೆ ಮುಂದಿನ ಸಂಚಿಕೆ ಇಲ್ಲ.

ಇದಕ್ಕೆ ಸರ್ಕಾರದ ಆದೇಶ ಬರಲಿ ಎಂದು ಕಾಯಬೇಡಿ. ಒಂದು ನೋಟ್ ಪುಸ್ತಕ, ಒಂದು ಪೆನ್ನು ಹಿಡಿದು ನೀವೇ ಹೊರಡಿ. ಮಡಿಕೇರಿಯ ಕಡೆ 2018ರಲ್ಲಿ ಮನೆಯವರನ್ನು ಕಳೆದುಕೊಂಡವರೂ ಇದ್ದಾರೆ, ಅಲ್ಲಿಗೂ ಹೋಗಿ. ನೀವು ತಂದ ಪಟ್ಟಿಯ ಪ್ರೂಫ್ ತಿದ್ದಿಕೊಡಲು ನಾನಿದ್ದೇನೆ, ಕಾಸು ಬೇಡ.